127 ಸಾಕಾ, 90 ಬೇಕಾ?

ಮಾಮಿಯಾ ಆರ್‌ಬಿ67 ಅನ್ನೋ ದೊಡ್ಡ ಫಿಲ್ಮ್ ಕ್ಯಾಮೆರಾ ಮನೆಗೆ ಬಂದು ಮೂರು ತಿಂಗಳಾಯಿತು. ಜೊತೆಗೆ ಸಿಕ್ಕಿದ್ದು 127 ಎಂಎಂ ಲೆನ್ಸ್ ಒಂದೇ. ಮೊದಲ ವಾರವೇ 50, 90, 180 ಎಲ್ಲದರ ಬೆಲೆ ನೋಡುತ್ತಾ ಕೂತಿದ್ದೆ. ಹಳೇ ಚಟ! ಆದರೆ 35 ಎಂಎಂ ಫಿಲ್ಮಿನ ಸಣ್ಣ ಕ್ಯಾಮೆರಾದ ಲೆಕ್ಕ ಇಲ್ಲಿ ನಡೆಯುವುದಿಲ್ಲ. ನೆಗೆಟಿವ್ ದೊಡ್ಡದು ಅಲ್ವಾ, ಇಲ್ಲಿನ 90 ಅಂದರೆ ಅಲ್ಲಿನ ಸುಮಾರು 45. ನನ್ನ 127 ಅಲ್ಲಿನ 60ರ ಆಚೀಚೆ. ದೂರದ್ದನ್ನು ಹತ್ತಿರ ತೋರಿಸುವ ಟೆಲಿ ಲೆನ್ಸ್ ಸಿಕ್ಕಿತು ಅಂತ ಸುಮ್ನೆ ಹೆದರಿದ್ದೆ.

ನಿನ್ನೆ ಅಜ್ಜಿ ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದರು. ಬಗ್ಗಿ ಕ್ಯಾಮೆರಾದ ಮೇಲಿನ ಗಾಜಿನಲ್ಲಿ ನೋಡಿದರೆ ಎಡ ಬಲ ಅದಲು ಬದಲು. ನಾನು ಎಡಕ್ಕೆ ಸರಿದರೆ ಅಜ್ಜಿ ಇನ್ನೆಲ್ಲಿಗೋ ಹೋಗುತ್ತಾರೆ. ಗುಂಡಿ ತಿರುಗಿಸಿ, ಲೆನ್ಸ್ ಹಿಂದಿನ ಮಡಿಕೆ ಮಡಿಕೆಯ ಬೆಲ್ಲೋಸ್ ಹಿಗ್ಗಿಸುತ್ತಾ ಹೋದೆ. ಉಗುರಿನ ಸಂದಿಯ ಹಸಿರು ಸಿಪ್ಪೆ ಕೂಡ ಕಂಡಿತು. ತೀರಾ ಹತ್ತಿರದಿಂದ ತೆಗೆಯುವ ಮ್ಯಾಕ್ರೋ ಲೆನ್ಸ್‌ನ ಆಸೆ ಅಲ್ಲೇ ಬಿಟ್ಟೆ. ಬೆಲ್ಲೋಸ್ ಹಿಗ್ಗಿದಷ್ಟೂ ಫಿಲ್ಮಿಗೆ ಬೆಳಕು ಕಮ್ಮಿ, ಅದಕ್ಕೆ ಬೆಳಕು ಅರ್ಧ ಸ್ಟಾಪ್ (ಬೆಳಕಿನ ಅಳತೆ) ಜಾಸ್ತಿ ಕೊಟ್ಟೆ.

"ಎಷ್ಟೊತ್ತೋ, ಕಾಯೆಲ್ಲ ಮುಗೀತು" ಅಂದರು ಅಜ್ಜಿ.

ಒಂದು ರೋಲಿಗೆ ಹತ್ತೇ ಫ್ರೇಮು. ಏಳು ಅಜ್ಜಿಗೇ ಹೋಯಿತು. ಆಮೇಲೆ ಅಡುಗೆಮನೆಗೆ ಹೋದೆ. ಬೆನ್ನು ಗೋಡೆಗೆ ತಾಗಿದರೂ ಒಲೆ ಪೂರ್ತಿ ಬರಲಿಲ್ಲ. ಇನ್ನೂ ಅಗಲಕ್ಕೆ ಕಾಣುವ 90 ನೋಡಬೇಕು. ಸಂಬಳ ಬರಲಿ.