ಅಘನಾಶಿನಿ ಸಮುದ್ರ ಸೇರುವ ಜಾಗಕ್ಕೆ: ದುರ್ಗದಿಂದ ಹೊರಡುವವರಿಗೆ

ಹಿರಿಯೂರು, ಚಳ್ಳಕೆರೆ ಕಡೆ ನೀರಿನ ಮಾತು ಬಂದರೆ ಯಾರಾದರೊಬ್ಬರು ಹೇಳಿಯೇ ಹೇಳುತ್ತಾರೆ: 'ಪಶ್ಚಿಮಕ್ಕೆ ಹರಿಯೋ ನದಿ ನೀರೆಲ್ಲ ಸುಮ್ನೆ ಸಮುದ್ರ ಸೇರಿ ವ್ಯರ್ಥ ಆಗ್ತಿದೆ.' ಉತ್ತರ ಕನ್ನಡದ ಅಘನಾಶಿನಿ ನದಿಯ ನೀರನ್ನು ನಮ್ಮ ವೇದಾವತಿಗೆ ತರುವ ಯೋಜನೆಯ ಸುದ್ದಿಯೂ ಆಗಾಗ ಪತ್ರಿಕೆಯಲ್ಲಿ ಬರುತ್ತದೆ. ನಮ್ಮ ಜಿಲ್ಲೆಯ ಬಾಯಾರಿಕೆ ಸುಳ್ಳಲ್ಲ. ವಾಣಿವಿಲಾಸ ಸಾಗರ 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. 89 ವರ್ಷ ಕಾಯ್ದ ಜನ ನಾವು. ತುಂಬಿ ಹರಿಯುವ ಹೊಳೆ ಕಂಡರೆ ಆಸೆ ಹುಟ್ಟುವುದು ಸಹಜ ಅಲ್ವಾ? ಆದರೆ ಆ ನೀರು ಸಮುದ್ರದ ಬಾಯಲ್ಲಿ ಏನು ಕೆಲಸ ಮಾಡುತ್ತದೆ ಅನ್ನುವುದನ್ನು ಒಮ್ಮೆ ಕಣ್ಣಾರೆ ನೋಡಬೇಕಿತ್ತು. ಅದಕ್ಕೇ ಮನೆಮಂದಿಯೆಲ್ಲ ಕುಮಟಾ ದಾರಿ ಹಿಡಿದೆವು. ಗೋಕರ್ಣಕ್ಕೆ ಹೋಗಿ ಬೀಚ್ ನೋಡಿ ಬರುವವರು ಬೇಕಾದಷ್ಟು ಜನ ಇದ್ದಾರೆ. ಈ ಬರಹ ನದಿಯನ್ನೂ ನೋಡಬೇಕು ಅನ್ನುವವರಿಗೆ.

ಚಿತ್ರದುರ್ಗದಿಂದ ದಾವಣಗೆರೆ, ಹಾವೇರಿ, ಶಿರಸಿ, ಕುಮಟಾ. ಗೋಕರ್ಣದವರೆಗೆ ಸುಮಾರು 300 ಕಿ.ಮೀ. ಹಾವೇರಿ ತನಕ ಹೆದ್ದಾರಿ, ಏನೂ ಕಷ್ಟ ಇಲ್ಲ. ಅಲ್ಲಿಂದ ಮುಂದೆ ಸಮಯ ಜಾಸ್ತಿ ಇಟ್ಟುಕೊಳ್ಳಿ. ಶಿರಸಿ ದಾಟಿದ ಮೇಲೆ ದೇವಿಮನೆ ಘಟ್ಟ ಇಳಿಯಬೇಕು. ರಸ್ತೆ ಕೆಲಸಕ್ಕೋ ಮಳೆಗೋ ಅದನ್ನು ಮುಚ್ಚುವುದುಂಟು. ಹೊರಡುವ ಹಿಂದಿನ ದಿನ ಶಿರಸಿ ಕಡೆಯ ಯಾರನ್ನಾದರೂ ಕೇಳಿಕೊಳ್ಳಿ. ಘಟ್ಟ ಬಂದ್ ಇದ್ದರೆ ಶಿವಮೊಗ್ಗ, ಸಾಗರ, ಹೊನ್ನಾವರದ ದಾರಿ ಇದೆ. ಬಸ್ಸಲ್ಲಿ ಹೋಗುವವರು ಹಾವೇರಿಯಲ್ಲೊಮ್ಮೆ, ಶಿರಸಿಯಲ್ಲೊಮ್ಮೆ ಬದಲಿಸಿದರೆ ಆಯ್ತು. ರೈಲು ನಂಬಬೇಡಿ. ದಾವಣಗೆರೆಯಿಂದ ಹುಬ್ಬಳ್ಳಿಗೆ ಹೋಗಬಹುದು, ಆದರೆ ಅಲ್ಲಿಂದ ಅಂಕೋಲೆಗೆ ಹಳಿ ಹಾಕುವ ಯೋಜನೆ ದಶಕಗಳಿಂದ ಮಾತಿನಲ್ಲೇ ಇದೆ.

ಶಿರಸಿಯಲ್ಲಿ ಮಾರಿಕಾಂಬೆಗೆ ಕೈಮುಗಿದು, ಶಂಕರಹೊಂಡಕ್ಕೂ ಹೋಗಿ ಬನ್ನಿ. ಅಘನಾಶಿನಿಯ ಒಂದು ಮೂಲ ಅದು. ಇನ್ನೊಂದು ಮಂಜುಗುಣಿ ಹತ್ತಿರ. ಎರಡೂ ಕೂಡಿ ಸುಮಾರು 120 ಕಿ.ಮೀ. ಹರಿದು ತದಡಿಯಲ್ಲಿ ಸಮುದ್ರ ಸೇರುತ್ತವೆ. ಈ ಉದ್ದಕ್ಕೂ ಒಂದು ದೊಡ್ಡ ಅಣೆಕಟ್ಟೂ ಇಲ್ಲ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ನೋಡುವುದೆಲ್ಲ ಇದರ ಮೇಲೇ ನಿಂತಿದೆ.

ಘಟ್ಟ ಇಳಿದು ಕುಮಟಾ ಸೇರಿದ ಮೇಲೆ ಮೊದಲು ಮಿರ್ಜಾನ್ ಕೋಟೆ. ಹೆದ್ದಾರಿ ಪಕ್ಕದಲ್ಲೇ ಇದೆ. ಏಳು ಸುತ್ತಿನ ಕೋಟೆ ನೋಡಿ ಬೆಳೆದ ನಮಗೆ ಇಲ್ಲಿ ಮೊದಲು ಕಣ್ಣಿಗೆ ಬೀಳುವುದು ಕಲ್ಲು. ನಮ್ಮಲ್ಲಿ ಬಂಡೆಯೇ ಗೋಡೆ. ಇಲ್ಲಿ ಕೆಂಪು ಚಿರೆಕಲ್ಲು. ನೆಲದಿಂದ ಕಡಿದು ತೆಗೆಯುವಾಗ ಮೆತ್ತಗಿದ್ದು, ಗಾಳಿಗೆ ಒಡ್ಡಿದ ಮೇಲೆ ಗಟ್ಟಿಯಾಗುವ ಕಲ್ಲು ಅದು. ಮೈತುಂಬ ತೂತು, ತೂತಿನ ತುಂಬ ಪಾಚಿ, ಹುಲ್ಲು. ಮಳೆ ಮುಗಿದ ಹೊಸತರಲ್ಲಿ ಇಡೀ ಕೋಟೆ ಹಸಿರಾಗಿರುತ್ತದೆ. ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿ 1552ರಿಂದ 1606ರವರೆಗೆ ಆಳಿದ ಸೀಮೆ ಇದು. ಘಟ್ಟದ ಕಾಳುಮೆಣಸು ಹೊಳೆಯಲ್ಲಿ ಇಳಿದು, ಇಲ್ಲಿಂದ ಹಡಗು ಹತ್ತುತ್ತಿತ್ತು. ಪೋರ್ಚುಗೀಸರು ಅವಳನ್ನು ಮೆಣಸಿನ ರಾಣಿ ಎಂದೇ ಕರೆದರು. ಕೊನೆಗೆ ಅವಳನ್ನು ಸೋಲಿಸಿ ಸೆರೆ ಹಿಡಿದವನು ಕೆಳದಿಯ ವೆಂಕಟಪ್ಪ ನಾಯಕ. ಕೋಟೆಯೊಳಗೆ ನೆರಳು ಕಡಿಮೆ, ಬೆಳಿಗ್ಗೆಯೇ ಹೋಗಿ. ಬಾವಿಗಳ ಹತ್ತಿರ ಮಕ್ಕಳ ಕೈ ಬಿಡಬೇಡಿ.

ಈಗ ಮುಖ್ಯ ವಿಷಯ. ಅಘನಾಶಿನಿ ನದಿಮುಖಕ್ಕೆ ಹೋಗುವ ದಿನವನ್ನು ಇಳಿತದ ಹೊತ್ತು ನೋಡಿಯೇ ಗೊತ್ತು ಮಾಡಿ. ದಿನಕ್ಕೆ ಎರಡು ಸಲ ನೀರು ಏರುತ್ತದೆ, ಎರಡು ಸಲ ಇಳಿಯುತ್ತದೆ. ಹೊತ್ತು ದಿನದಿನವೂ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ. ಅಮಾವಾಸ್ಯೆ, ಹುಣ್ಣಿಮೆ ಆಸುಪಾಸಿನಲ್ಲಿ ಇಳಿತ ಜೋರು. ಫೋನಿನಲ್ಲಿ ಕಾರವಾರದ ಉಬ್ಬರ-ಇಳಿತದ ಸಮಯ ಸಿಗುತ್ತದೆ. ಉಬ್ಬರದಲ್ಲಿ ಹೋದರೆ ಅಗಲವಾದ ನೀರು ಕಾಣುತ್ತದೆ, ಅಷ್ಟೆ. ಇಳಿತದಲ್ಲಿ ಹೋದರೆ ನದಿಯ ಹೊಟ್ಟೆಯೊಳಗೇನಿದೆ ಅಂತ ಗೊತ್ತಾಗುತ್ತದೆ.

ನಾವು ಹೋದಾಗ ನೀರು ಇಳಿದು ಕೆಸರಿನ ದಿಬ್ಬಗಳು ಎದ್ದಿದ್ದವು. ಹೆಂಗಸರು ಸೊಂಟಮಟ್ಟದ ನೀರಲ್ಲಿ ನಿಂತು, ಕಾಲಲ್ಲೇ ತಡವಿ ಚಿಪ್ಪಿಕಲ್ಲು ಹುಡುಕುತ್ತಿದ್ದರು. ಒಬ್ಬರು ದಡಕ್ಕೆ ಬಂದು ಬುಟ್ಟಿ ಇಳಿಸಿದರು. ಹೆಬ್ಬೆರಳಿನಷ್ಟಗಲದ ಚಿಪ್ಪು, ಮೇಲೆ ಸಾಲು ಸಾಲು ಗೆರೆ, ಒಳಗೆ ಬಿಳಿ ಮಾಂಸ. ಕೆಲವನ್ನು ವಾಪಸ್ ನೀರಿಗೆ ಎಸೆದರು. ಯಾಕೆ ಅಂದೆ. 'ಸಣ್ಣವು, ಬೆಳೀಲಿ' ಅಂದರು. 'ಮಳೆಗಾಲದ ಸಿಹಿನೀರು ಬರಬೇಕು, ಆಮೇಲೆ ಉಪ್ಪು ಏರಬೇಕು. ಎರಡೂ ಆದ್ರೇ ಇದು.' ನೀರು ಸಮುದ್ರಕ್ಕೆ ಹೋಗಿ ಏನು ಮಾಡುತ್ತದೆ ಅನ್ನುವ ನನ್ನ ಪ್ರಶ್ನೆಗೆ ಉತ್ತರ ಅಲ್ಲೇ ಸಿಕ್ಕಿತು.

ಇಲ್ಲಿನ ಗಜನಿ ಗದ್ದೆಗಳೂ ಇದೇ ಲೆಕ್ಕದಲ್ಲಿ ಬದುಕುತ್ತವೆ. ಹೊಳೆಯಂಚಿಗೆ ಕಟ್ಟೆ ಹಾಕಿ ಮಾಡಿದ ತಗ್ಗು ಗದ್ದೆಗಳು ಇವು. ಜೂನ್ ಮಳೆ ಮಣ್ಣಿನ ಉಪ್ಪು ತೊಳೆಯುತ್ತದೆ. ಆಗ ಕಗ್ಗ ಭತ್ತ ಬಿತ್ತುತ್ತಾರೆ. ಉಪ್ಪನ್ನೂ ನೆರೆಯನ್ನೂ ತಡೆಯುವ ಎತ್ತರದ ಭತ್ತ ಅದು. ಮಾಣಿಕಟ್ಟಾ ಕಡೆ ಇನ್ನೂ ಬೆಳೆಯುತ್ತಾರೆ. ಕೊಯ್ಲಾದ ಮೇಲೆ ತೂಬು ತೆರೆದರೆ ಉಬ್ಬರದ ಜೊತೆ ಮೀನು, ಸಿಗಡಿ ಒಳಗೆ ಬರುತ್ತವೆ. ಗೊಬ್ಬರ ಕೊಂಡು ಹಾಕದೆ ಒಂದೇ ಗದ್ದೆಯಲ್ಲಿ ಅನ್ನವೂ ಸಾರೂ. ಬರೀ ಸಿಗಡಿ ಸಾಕಣೆ ಹೆಚ್ಚಿದ ಮೇಲೆ ಕಗ್ಗ ಕಡಿಮೆಯಾಯಿತು ಎಂದು ಊರವರು ನೊಂದುಕೊಳ್ಳುತ್ತಾರೆ. ಆ ಕೆಂಪಕ್ಕಿ ಎಲ್ಲಾದರೂ ಸಿಕ್ಕರೆ ಖಂಡಿತ ಕೊಂಡುಕೊಳ್ಳಿ. ಗಂಜಿಗೆ ಅದರಷ್ಟು ರುಚಿ ಬೇರೆ ಇಲ್ಲ. ಫೆಬ್ರವರಿ ನಂತರ ಹೋದರೆ ಸಾಣಿಕಟ್ಟಾದಲ್ಲಿ ಉಪ್ಪಿನಾಗರಗಳನ್ನೂ ನೋಡಬಹುದು.

ದಡದ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳನ್ನು ಹತ್ತಿರದಿಂದ ನೋಡಿ. ಅದರ ಬೀಜ ಮರದ ಮೇಲೇ ಮೊಳೆತು, ಭರ್ಜಿಯಂತೆ ಉದ್ದವಾಗಿ ಇಳಿಬಿದ್ದು, ಕಳಚಿಕೊಂಡು ಕೆಸರಿಗೆ ನಾಟಿಕೊಳ್ಳುತ್ತದೆ. ಬೇರಿನ ಸಂದಿಯಲ್ಲಿ ಒಂದು ಕೊಂಬು ಮಾತ್ರ ದೊಡ್ಡದಿರುವ ಪುಟ್ಟ ಏಡಿಗಳು. ಮೀನಿನ ಮರಿಗಳಿಗೆ ಇದೇ ತೊಟ್ಟಿಲು. ದಡ ಕೊಚ್ಚಿ ಹೋಗದಂತೆ ಹಿಡಿಯುವುದೂ ಇದೇ ಬೇರು. ತದಡಿಗೆ ಹಿಂದೆ ದೊಡ್ಡ ಉಷ್ಣವಿದ್ಯುತ್ ಸ್ಥಾವರದ ಪ್ರಸ್ತಾವ ಬಂದಾಗ ಇಲ್ಲಿನ ಜನ ಒಗ್ಗಟ್ಟಾಗಿ ವಿರೋಧಿಸಿದರು, ಸ್ಥಾವರ ಬರಲಿಲ್ಲ. 2024ರ ಜನವರಿಯಲ್ಲಿ 4,801 ಹೆಕ್ಟೇರ್ ನದಿಮುಖಕ್ಕೆ ರಾಮ್ಸರ್ ಮಾನ್ಯತೆ, ಅಂದರೆ ಜಗತ್ತಿನ ಮಹತ್ವದ ಜೌಗು ಪ್ರದೇಶ ಎಂಬ ಗುರುತು, ಬಂತು. ಅದೇ ಪಟ್ಟಿಯಲ್ಲಿ ನಮ್ಮ ನೆರೆಯ ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರ ಕೆರೆಯೂ ಇತ್ತು.

ಅಣೆಕಟ್ಟು ಕಟ್ಟಿದರೆ ಏನಾಗುತ್ತದೆ ಅಂತ ಊಹಿಸಬೇಕಿಲ್ಲ. ಕುಮಟಾದಿಂದ ದಕ್ಷಿಣಕ್ಕೆ ಹೊನ್ನಾವರಕ್ಕೆ ಹೋಗಿ. ಅಲ್ಲಿ ಶರಾವತಿ ಸಮುದ್ರ ಸೇರುತ್ತಾಳೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಆದ ಮೇಲೆ, ಕರೆಂಟ್ ತಯಾರಿಸಿ ಬಿಟ್ಟ ಸಿಹಿನೀರು ಬೇಸಿಗೆಯಲ್ಲೂ ಕೆಳಗೆ ಬರುತ್ತಲೇ ಇರುತ್ತದೆ. ನದಿಮುಖದಲ್ಲಿ ಏರಬೇಕಾದಷ್ಟು ಉಪ್ಪು ಏರುವುದಿಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯವರು ಎರಡೂ ನದಿಮುಖಗಳನ್ನು ಹೋಲಿಸಿ ನೋಡಿದ್ದಾರೆ. ಶರಾವತಿಯಲ್ಲಿ ಚಿಪ್ಪಿಕಲ್ಲಿನ ಸಂಪತ್ತು ಬಹಳ ಕುಗ್ಗಿದೆ. ನಮ್ಮ ಮನೆಯ ದೀಪಕ್ಕೆ ಇನ್ಯಾರೋ ಬುಟ್ಟಿ ಖಾಲಿ ಮಾಡಿಕೊಂಡಿದ್ದಾರೆ. ನಮ್ಮ ಹೊಲಕ್ಕೂ ಹಾಗೇ ಆಗಬೇಕಾ? ಕೆರೆ ಹೂಳೆತ್ತುವುದು, ನಮ್ಮಲ್ಲಿ ಬೀಳುವ ಮಳೆಯನ್ನು ನಮ್ಮಲ್ಲೇ ನಿಲ್ಲಿಸುವುದು ಮೊದಲಾಗಲಿ ಎಂಬ ಕಡೆಗೆ ನನ್ನ ಮನಸ್ಸು ವಾಲಿದೆ. ಹೊನ್ನಾವರದ ಕಾಂಡ್ಲಾ ಕಾಡಿನೊಳಗೆ ಮರದ ಹಲಗೆಯ ನಡೆದಾರಿ ಇದೆ. ವಯಸ್ಸಾದವರಿಗೂ ಸುಲಭ. ಕಾಸರಕೋಡು ಕಡಲತೀರಕ್ಕೆ 2020ರಲ್ಲಿ ಸ್ವಚ್ಛ ತೀರಗಳಿಗೆ ಕೊಡುವ ಬ್ಲೂ ಫ್ಲ್ಯಾಗ್ ಮನ್ನಣೆ ಸಿಕ್ಕಿದೆ, ಸ್ವಚ್ಛವಾಗಿದೆ.

ನಡೆಯುವ ಅಭ್ಯಾಸ ಇದ್ದವರು ಕುಮಟಾದಿಂದ ಗೋಕರ್ಣಕ್ಕೆ ಕಡಲಂಚಲ್ಲೇ ಹೋಗಬಹುದು. ಬಾಡ, ಅಘನಾಶಿನಿ ಊರು, ಅಲ್ಲಿಂದ ದೋಣಿಯಲ್ಲಿ ತದಡಿ, ಆಮೇಲೆ ಬೇಲೆಕಾನು, ಪ್ಯಾರಡೈಸ್, ಹಾಫ್ ಮೂನ್, ಓಂ, ಕುಡ್ಲೆ. ದೋಣಿಯಲ್ಲಿ ಬೈಕನ್ನೂ ಹತ್ತಿಸಿಕೊಳ್ಳುತ್ತಾರೆ. ಚಿಲ್ಲರೆ ಇಟ್ಟುಕೊಳ್ಳಿ. ಒಂದು ಬೀಚಿಗೂ ಇನ್ನೊಂದಕ್ಕೂ ನಡುವೆ ಗುಡ್ಡ ಸೀದಾ ಸಮುದ್ರಕ್ಕೆ ಇಳಿಯುತ್ತದೆ. ಕಾಲುದಾರಿ ಕಿರಿದು, ಪಕ್ಕದಲ್ಲೇ ಪ್ರಪಾತ. ಚಪ್ಪಲಿ ಬೇಡ, ಹಿಡಿತ ಇರುವ ಶೂ ಬೇಕು. ಅಲೆ ಬಡಿಯುವ ಬಂಡೆ ಮೇಲೆ ಪಾಚಿ ಇರುತ್ತದೆ. ನಾವು ಬಯಲುಸೀಮೆಯವರು, ಕೆರೆ ಬಾವಿಯಲ್ಲಿ ಈಜು ಕಲಿತವರು. ಆ ಧೈರ್ಯವನ್ನು ಇಲ್ಲಿ ತೋರಿಸಬೇಡಿ. ಫೋಟೊಗೆ ಅಂತ ಬಂಡೆ ತುದಿಗೆ ಹೋದವರು ವರ್ಷವೂ ಜೀವ ಕಳೆದುಕೊಳ್ಳುತ್ತಿದ್ದಾರೆ. ಜೀವರಕ್ಷಕರು ಬೇಡ ಅಂದರೆ ಬೇಡ. ಪ್ಲಾಸ್ಟಿಕ್ ಏನಿದ್ದರೂ ವಾಪಸ್ ತನ್ನಿ. ಈ ತೀರಗಳಲ್ಲಿ ಕಡಲಾಮೆ ಮೊಟ್ಟೆ ಇಡುತ್ತದೆ, ರಾತ್ರಿ ದೊಡ್ಡ ಲೈಟು, ಬೆಂಕಿ ಬೇಡ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೋಗಲೇಬೇಡಿ ಅಂತ ನನ್ನ ಸಲಹೆ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಹೆದ್ದಾರಿ ಮೇಲೆ ಕುಸಿದು ಜನ ಸತ್ತರು, ಲಾರಿಯೊಂದು ಚಾಲಕನ ಸಮೇತ ಗಂಗಾವಳಿ ಹೊಳೆಗೆ ಹೋಯಿತು. ರಸ್ತೆಗಾಗಿ ಗುಡ್ಡವನ್ನು ಕಡಿದಾಗಿ ಕತ್ತರಿಸಿದ ಜಾಗಗಳು ದಾರಿಯುದ್ದಕ್ಕೂ ಕಾಣುತ್ತವೆ. ಅಲ್ಲಿ ಗಾಡಿ ನಿಲ್ಲಿಸಬೇಡಿ. ಅಕ್ಟೋಬರ್ ಕೊನೆಯಿಂದ ಫೆಬ್ರವರಿ ಒಳ್ಳೆಯ ಕಾಲ. ಶಿವರಾತ್ರಿ ಸಮಯದಲ್ಲಿ ಗೋಕರ್ಣದಲ್ಲಿ ಕಾಲಿಡಲು ಜಾಗ ಇರುವುದಿಲ್ಲ, ರೂಮು ಮೊದಲೇ ಹಿಡಿಯಿರಿ. ಕುಮಟಾದಲ್ಲಿ ಉಳಿದರೆ ಖರ್ಚೂ ಕಡಿಮೆ, ನದಿಯೂ ಹತ್ತಿರ.

ವಾಪಸ್ ಬರುವಾಗ ಶಿರಸಿಯಿಂದ ಹೆಗ್ಗರಣೆ ಕಡೆ ತಿರುಗಿ ಉಂಚಳ್ಳಿ ಜಲಪಾತ ನೋಡಿ. ಇದೇ ಅಘನಾಶಿನಿ ಅಲ್ಲಿ 116 ಮೀಟರ್ ಧುಮುಕುತ್ತಾಳೆ. ಗಾಡಿ ನಿಲ್ಲಿಸಿ ಸ್ವಲ್ಪ ನಡೆಯಬೇಕು, ಮೆಟ್ಟಿಲು ಇಳಿಯಬೇಕು. ಮಳೆಯಾಗಿ ನೆಲ ಒಣಗಿರದಿದ್ದರೆ ಉಂಬಳ ಹತ್ತುತ್ತದೆ, ಒಂದಿಷ್ಟು ಉಪ್ಪು ಜೇಬಲ್ಲಿರಲಿ. ಊಟ ಶಿರಸಿಯಲ್ಲೇ ಮುಗಿಸಿಕೊಳ್ಳಿ, ಆ ಕಡೆ ಹೋಟೆಲ್ ಕಡಿಮೆ. ಮಧ್ಯಾಹ್ನ ಮೂರಕ್ಕೆ ಅಲ್ಲಿಂದ ಹೊರಟರೆ ಕತ್ತಲಾಗುವುದರೊಳಗೆ ಹಾವೇರಿ ಹೆದ್ದಾರಿ ಸೇರಬಹುದು.