17ನೇ ಹೆಸರು

ಅಕ್ಕನ ಮಗ ಇವತ್ತು ತನ್ನ ಹಳೇ ಲೆಕ್ಕದ ನೋಟ್‌ಬುಕ್ ತಂದು ಕೈಗಿಟ್ಟ. "ಓದಿ ಹೇಳಿ ಮಾವ" ಅಂದ.

ಅವನದೇ ಒಂದು ರಾಜ್ಯ. ಅದಕ್ಕೊಂದು ಸೇನಾಧಿಕಾರಿಗಳ ಕಾಲೇಜು. ಅದರ ಇತಿಹಾಸ, 26 ಪುಟ!

ಕಾಲೇಜು ಯಾಕೆ ಶುರುವಾಯ್ತು ಗೊತ್ತಾ? ದೊಡ್ಡ ಮನೆತನ ಅನ್ನೋ ಕಾರಣಕ್ಕೇ ದಂಡನಾಯಕನಾದವನೊಬ್ಬ ಆಳ ಕೇಳದೆ ಸೈನ್ಯವನ್ನು ಹೊಳೆಗಿಳಿಸಿದ. ಆಮೇಲೆ ರಾಣಿ ಕಾಲೇಜು ಕಟ್ಟಿಸಿದಳು. ಅಲ್ಲಿ ಮೊದಲ ಪಾಠ, ಅಂಬಿಗರನ್ನು ಮಾತಾಡಿಸುವುದು. ಶ್ರೀರಂಗಪಟ್ಟಣದಲ್ಲಿ ಕಾವೇರಿ ನೋಡಿ ಬೆಳೆದ ಹುಡುಗ, ಅಲ್ವಾ.

ಮೊದಲ ತಂಡದಲ್ಲಿ 40 ಜನ. ಇದು ನಾನು ಹೇಳಿದ್ದ ಲೆಕ್ಕ. 1932ರಲ್ಲಿ ಡೆಹ್ರಾಡೂನ್‌ನಲ್ಲಿ ಇಂಡಿಯನ್ ಮಿಲಿಟರಿ ಅಕಾಡೆಮಿ ಶುರುವಾದಾಗ ಮೊದಲ ಬ್ಯಾಚಿನಲ್ಲಿ ಇದ್ದದ್ದು 40 ಕೆಡೆಟ್‌ಗಳು. ಅವರಲ್ಲಿ ಮೂವರು ಮುಂದೆ ಮೂರು ದೇಶಗಳ ಸೇನೆಗೆ ಮುಖ್ಯಸ್ಥರಾದರು. ಮಾಣೆಕ್ ಶಾ ಭಾರತಕ್ಕೆ, ಮೂಸಾ ಪಾಕಿಸ್ತಾನಕ್ಕೆ, ಸ್ಮಿತ್ ಡನ್ ಬರ್ಮಾಕ್ಕೆ. ಒಂದೇ ಮೈದಾನದಲ್ಲಿ ಬೆವರು ಸುರಿಸಿದವರು. ಇದನ್ನು ನೆನೆದಾಗಲೆಲ್ಲ ನನಗೆ ಹೊಟ್ಟೆಯಲ್ಲಿ ಏನೋ ಸಂಕಟ.

ಇವನು 40 ಹೆಸರನ್ನೂ ಪೆನ್ಸಿಲ್‌ನಲ್ಲಿ ಬರೆದಿದ್ದಾನೆ. 17ನೇದು ಮಾತ್ರ ಅಳಿಸಿದೆ. ರಬ್ಬರ್ ಉಜ್ಜಿ ಉಜ್ಜಿ ಅಲ್ಲಿ ಕಾಗದವೇ ತೆಳ್ಳಗಾಗಿದೆ.

"ಇವನೆಲ್ಲಿ ಹೋದನೋ?"

"ಊರು ನೆನಪಾಗಿ ವಾಪಸ್ ಹೋದ ಮಾವ. ಆದ್ರೆ ಆ ನಂಬರ್ ಯಾರಿಗೂ ಕೊಡಲ್ಲ. ಬಂದ್ರೆ ಬರ್ಲಿ ಅಂತ."

ಗೆದ್ದವರ ಪಟ್ಟಿ ಎಷ್ಟೋ ಓದಿದ್ದೇನೆ. ಬಿಟ್ಟುಹೋದವನಿಗೂ ಜಾಗ ಕಾದಿಟ್ಟ ಇತಿಹಾಸ ಓದಿದ್ದು ಇದೇ ಮೊದಲು.

ಅವನು ಮಲಗಿದ ಮೇಲೆ ಆ ಹಾಳೆಯನ್ನು ಸುಮ್ನೆ ಬಲ್ಬಿನ ಬೆಳಕಿಗೆ ಹಿಡಿದು ನೋಡಿದೆ. ಹೆಸರು ಇನ್ನೂ ಓದಲು ಬರುತ್ತದೆ.