ನಾನು ಹೊತ್ತು ತಂದ ಮೇವು

ಧಾರವಾಡದ ನಮ್ಮ ಶಾಲೆಯಲ್ಲಿ ಡಿಸೆಂಬರ್ ಬಂತೆಂದರೆ ಕ್ರಿಸ್ಮಸ್ಸಿನ ಗೋದಲಿ ಕಟ್ಟುವ ಗಡಿಬಿಡಿ. ನಕ್ಷತ್ರ, ಬಣ್ಣದ ಹಾಳೆ, ಲೈಟಿನ ಸರ ಎಲ್ಲ ಪೇಟೆ ಹುಡುಗರ ಪಾಲು. ನನ್ನ ಪಾಲಿಗೆ ಬಂದದ್ದು ಮೇವು. ಕ್ಲಾಸಿನಲ್ಲಿ ದನ ಇದ್ದ ಮನೆಯವನು ನಾನೊಬ್ಬನೇ, ಅದಕ್ಕೆ. ಬಸ್ಸಿನಲ್ಲಿ ಚೀಲ ಹಿಡಿದು ನಿಂತಿದ್ದೆ. "ಸಾಲಿಗೆ ಹೊಂಟೀಯೋ, ದನದ ಸಂತಿಗೋ?" ಎಂದು ಯಾರೋ ಕೇಳಿದರು. ಬಸ್ಸಿಗೆ ಬಸ್ಸೇ ನಕ್ಕಿತು.

ಶಾಲೆಯಲ್ಲೂ ಅಷ್ಟೇ. ಮೇವಿನ ಕಣಕಿ ಚೆಂದ ಕಾಣಲ್ಲ ಅಂತ ಹುಡುಗರು ಅದರ ಮೇಲೆ ಹತ್ತಿ ಹರಡಿದರು. ಹಿಮವಂತೆ! ಹತ್ತಿಗೇನು, ನಮ್ಮ ಎರೆ ಸೀಮೆಯಲ್ಲಿ ಬರವೇ?

ಟೀಚರ್ ಬಂದರು. ಗೋದಲಿ ಅಂದರೆ ಏನು ಎಂದು ಕೇಳಿದರು. ಯೇಸು ಹುಟ್ಟಿದ ಗುಡಿಸಲು ಎಂದ ಒಬ್ಬ. ತೊಟ್ಟಿಲು ಎಂದ ಇನ್ನೊಬ್ಬ. ನನ್ನ ಅಜ್ಜಿ ದಿನಾ ಆಡುವ ಮಾತು ಅದು, ಗ್ವಾದಲಿ. "ದನ ಮೇವು ತಿನ್ನೋ ಜಾಗಾ ರೀ" ಎಂದೆ, ಮೆಲ್ಲಗೆ.

ಟೀಚರ್ ಹತ್ತಿಯನ್ನು ಸರಿಸಿ ಅಲ್ಲೇ ನೆಲದ ಮೇಲೆ ಕೂತರು. ಬೈಬಲ್ಲಿನ ಲೂಕನ ಶುಭಸಂದೇಶದಲ್ಲಿ ಹಿಮ ಇಲ್ಲ, ಎತ್ತು ಕತ್ತೆಗಳ ಹೆಸರೂ ಇಲ್ಲ. ಛತ್ರದಲ್ಲಿ ಜಾಗ ಸಿಗದ ತಾಯಿ ಕೂಸನ್ನು ಬಟ್ಟೆಯಲ್ಲಿ ಸುತ್ತಿ ಗೋದಲಿಯಲ್ಲಿ ಮಲಗಿಸಿದಳು, ಅಷ್ಟೇ. ರಾತ್ರಿ ಕುರಿ ಕಾಯುತ್ತಿದ್ದ ಕುರುಬರಿಗೆ ದೇವದೂತ ಹೇಳಿದ ಕೂಸಿನ ಗುರುತೂ ಅದೇ. "ಅರಮನೆಗೆ ಹೋಗಿ ಅಂದಿದ್ರೆ ಅವರನ್ನ ಬಾಗಿಲಲ್ಲೇ ತಡೀತಿದ್ರು, ಅಲ್ವಾ?" ಎಂದರು ಟೀಚರ್.

ಬೆತ್ಲೆಹೇಮ್ ಅಂದರೆ ಹೀಬ್ರೂ ಭಾಷೆಯಲ್ಲಿ ರೊಟ್ಟಿಯ ಮನೆಯಂತೆ. ರೊಟ್ಟಿ ಅಂದದ್ದೇ ನಮ್ಮ ಕಿವಿ ನೆಟ್ಟಗಾದವು. ಊಟದ ಬೆಲ್ಲಿಗೆ ಇನ್ನೂ ಹೊತ್ತಿತ್ತು. ಮೇವಿನ ಜಾಗದಲ್ಲಿ ಮಲಗಿದ ಆ ಕೂಸೇ ದೊಡ್ಡದಾಗಿ, ಜೀವದ ರೊಟ್ಟಿ ನಾನೇ ಅಂದಿತು. ಸಾಯುವ ಹಿಂದಿನ ರಾತ್ರಿ ರೊಟ್ಟಿ ಮುರಿದು, ಇದು ನನ್ನ ದೇಹ ಎಂದು ಶಿಷ್ಯರಿಗೆ ಕೊಟ್ಟಿತು. ಗೋದಲಿ ಬೇರೆ, ಆ ರೊಟ್ಟಿಯನ್ನು ಅರ್ಪಿಸುವ ಚರ್ಚಿನ ಬಲಿಪೀಠ ಬೇರೆ ಅಂದ್ಕೋಬೇಡಿ ಎಂದರು ಟೀಚರ್. 1223ರಲ್ಲಿ ಇಟಲಿಯ ಗ್ರೆಚ್ಚೊ ಊರಿನಲ್ಲಿ ಅಸ್ಸಿಸಿಯ ಸಂತ ಫ್ರಾನ್ಸಿಸ್ ಗೋದಲಿ ಕಟ್ಟಲು ನಿಜವಾದ ಎತ್ತು, ಕತ್ತೆ, ಹುಲ್ಲು ತರಿಸಿದರು. ರೊಟ್ಟಿ ಅರ್ಪಿಸುವ ಬಲಿಪೂಜೆ ನಡೆದದ್ದು ಆ ಗೋದಲಿಯ ಮೇಲೆಯೇ. ಆಮೇಲೆ ಜನ ಆ ಹುಲ್ಲನ್ನು ಕಾಯಿಲೆ ಬಿದ್ದ ದನಗಳಿಗೆ ತಿನ್ನಿಸಿದರಂತೆ.

ನಮ್ಮದು ಕ್ರೈಸ್ತರ ಮನೆಯಲ್ಲ. ಆದರೂ ರಜೆ ಮುಗಿದು ಗೋದಲಿ ಬಿಚ್ಚಿದಾಗ ಮೇವನ್ನು ಮತ್ತೆ ಚೀಲಕ್ಕೆ ತುಂಬಿಕೊಂಡೆ. ಬಸ್ಸಿನಲ್ಲಿ ಯಾರು ಏನಂದರೋ ನೆನಪಿಲ್ಲ. ಅಜ್ಜಿಗೆ ಎಲ್ಲ ಹೇಳಿದೆ. "ದೇವರ ಕೂಸು ಮಲಗಿದ್ದು, ಚೆಲ್ಲಬ್ಯಾಡ" ಎಂದು ಅವಳೇ ಒಯ್ದು ಗ್ವಾದಲಿಗೆ ಹಾಕಿದಳು. ಅಂಟಿಕೊಂಡಿದ್ದ ಹತ್ತಿಯನ್ನೂ ಬಿಡದೆ ಎಮ್ಮೆ ತಿಂದಿತು.